ಮೇಲಕ್ಕೆ ಹೋದ ಕೂಗು

ಇದು ನಿಜವಾಗಿ ನಡೆದದ್ದು. ಹೀಗೆ ಶುರುಮಾಡುವವರನ್ನು ನಂಬಬಾರದು ಎಂದು ನನಗೂ ಗೊತ್ತು. ನಾನೇ ಎಷ್ಟೋ ಜನಕ್ಕೆ ಹೀಗೆಯೇ ಶುರುಮಾಡಿ ಟೋಪಿ ಹಾಕಿದ್ದೇನೆ. ಈ ಸಲದ್ದು ಟೋಪಿ ಅಲ್ಲ, ರುಮಾಲು. ಅದು ಕೊನೆಗೆ ಯಾರ ತಲೆಗೆ ಬಿತ್ತು, ಬೀಳುವಾಗ ಯಾರು ನಕ್ಕರು ಎಂಬುದೇ ಕಥೆ.

ನಮ್ಮೂರಲ್ಲಿ ಹೆಸರು ಹಿಡಿದು ಕರೆದರೆ ಯಾರೂ ಬರುವುದಿಲ್ಲ. ಮನೆಯೊಳಗೆ, ಕೈಗೆಟಕುವಷ್ಟು ದೂರದಲ್ಲಿ, ಹೆಸರು ನಡೆಯುತ್ತದೆ. ಹೊಸಿಲಾಚೆ ನಡೆಯುವುದು ದಾರಿ. ಊರ ನಡುವಿನ ಕೂಗುಕಟ್ಟೆಯ ಮೇಲೆ ನಿಂತು, ‘ಗಾಣದ ಕೇರಿ, ಎರಡನೇ ಮನೆ, ಅಡುಗೆಮನೆ, ಅಲ್ಲಿರುವ ಹೆಂಗಸು’ ಎಂದು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದಂತೆ ಕೂಗಿದರೆ, ಆ ಅಡುಗೆಮನೆಯಲ್ಲಿರುವ ಹೆಂಗಸಿನ ಕಾಲು ತಾನಾಗಿಯೇ ಏಳುತ್ತದೆ. ಯಾರು ಕೂಗಿಸಿದರೋ ಅವರ ಮುಂದೆ ಹೋಗಿ ನಿಲ್ಲುವ ತನಕ ಅದು ಸುಮ್ಮನಾಗುವುದಿಲ್ಲ. ಅಲ್ಲಿ ಒಬ್ಬಳಿದ್ದರೆ ಒಬ್ಬಳು, ನಾಲ್ವರಿದ್ದರೆ ನಾಲ್ವರು. ಯಾರೂ ಇಲ್ಲದಿದ್ದರೆ ಯಾರೂ ಇಲ್ಲ; ಕೂಗು ಗೊಣಗದೆ ಆರಿಹೋಗುತ್ತದೆ. ಹಾಗೆಯೇ, ಕೂಗು ಬರದೆ ಇನ್ನೊಬ್ಬರ ಹೊಸಿಲು ದಾಟಲು ಹೋದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಬಂದು ಉಂಡವರನ್ನು ಅದೇ ಕಾಲು ತಿರುಗಿ ಅವರವರ ಮನೆಗೆ ಮುಟ್ಟಿಸುತ್ತದೆ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಎಣ್ಣೆ ಕಾದಿರುವಾಗ ಕೂಗು ಬಂದುಬಿಟ್ಟರೆ ಎಂದು ನಮ್ಮ ಹೆಂಗಸರು ಒಂದು ಕಾಲನ್ನು ನಡುಮನೆಯಲ್ಲಿ ಇಟ್ಟುಕೊಂಡೇ ವಡೆ ಕರಿಯುತ್ತಾರೆ. ನಮ್ಮ ಮಾವ ಬೇಡದ ನೆಂಟರು ಕೂಗಿಸುವ ದಿನ ಅಟ್ಟ ಹತ್ತಿ ಕೂರುತ್ತಿದ್ದ. ಅಟ್ಟವನ್ನು ದಾರಿಯಲ್ಲಿ ಸೇರಿಸುವಷ್ಟು ಜಾಣರು ನೆಂಟರಲ್ಲಿ ಕಡಿಮೆ. ಅಂಗಡಿಯವರಂತೂ ಹೊಸಿಲನ್ನೇ ಇಟ್ಟಿಲ್ಲ. ವ್ಯಾಪಾರ ಬುದ್ಧಿ.

ಕೂಗುವ ಕೆಲಸ ಹಾಲಪ್ಪಜ್ಜನದು. ಮೂವತ್ತೊಂದು ವರ್ಷದಿಂದ ಕೆಂಪು ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ನಿಂತವನು. ಯಾವ ಮನೆಯ ಯಾವ ಕೋಣೆಯ ಎಷ್ಟನೇ ಗೂಡಿನಲ್ಲಿ ಉಪ್ಪಿನಕಾಯಿ ಭರಣಿ ಇದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ, ಆದರೆ ಅವುಗಳಲ್ಲಿ ಒಂದು ಮನೆಯನ್ನೂ ಆ ಮೂವತ್ತೊಂದು ವರ್ಷದಲ್ಲಿ ಒಳಹೊಕ್ಕು ನೋಡಿದವನಲ್ಲ. ಎಲ್ಲ ದಾರಿಗಳೂ ಕಟ್ಟೆಯಿಂದ ಕೆಳಗಿಳಿಯುತ್ತವೆ. ಕಟ್ಟೆ ಯಾವ ಕೇರಿಯೊಳಗೂ ಇಲ್ಲ, ಯಾವ ಮನೆಯೊಳಗೂ ಇಲ್ಲ. ರುಮಾಲು ಸುತ್ತಿದ ದಿನವೇ ಕೂಗುಗಾರ ಹುಟ್ಟಿದ ಮನೆಯ ಹೊಸಿಲೂ ಅವನ ಪಾಲಿಗೆ ಮುಗಿಯಿತು. ಹಾಗಾಗಿ ಊರನ್ನೆಲ್ಲ ಊಟಕ್ಕೆ ಕೂಗುವವನನ್ನು ಊಟಕ್ಕೆ ಕೂಗಲು ದಾರಿಯೇ ಇರಲಿಲ್ಲ. ಮದುವೆಯಾಗಲಿ ಮುಂಜಿಯಾಗಲಿ, ಅವನ ಪಾಲಿನದು ಬುತ್ತಿ ಕಟ್ಟಿ ಕಟ್ಟೆಗೆ ಬರುತ್ತಿತ್ತು. ಕಟ್ಟೆಯ ಕೆಳಗಿನ ಹೊಸಿಲಿಲ್ಲದ ಕೋಣೆಯಲ್ಲಿ ಕೂತು ತಣ್ಣಗೆ ತಿನ್ನುತ್ತಿದ್ದ.

“ಎಲ್ಲಾ ರುಚಿ ಗೊತ್ತೈತಲೇ ನಂಗೆ,” ಎನ್ನುತ್ತಿದ್ದ. “ಹೋಳಿಗೆ ಮ್ಯಾಲೆ ತುಪ್ಪ ಕರಗೋದು ಹೆಂಗಿರ್ತೈತೆ ಅನ್ನೋದೊಂದು ಮರ್ತೋಗೈತೆ. ಇಲ್ಲಿಗೆ ಬರೋ ಹೊತ್ತಿಗೆ ತುಪ್ಪ ಗಟ್ಟಿ, ಹೋಳಿಗೆ ಗಟ್ಟಿ, ತಿನ್ನೋ ನಾನೊಬ್ನೇ ಮೆತ್ತಗೆ.”

ನಾನು ಅವನ ಶಿಷ್ಯನಾದದ್ದು ಮಿಮಿಕ್ರಿಯಿಂದ. ಊರಿನ ಕಾಲುಗಳಿಗೆ ಗೊತ್ತಿರುವುದು ಒಂದೇ ಧ್ವನಿ. ಹೊಸ ಕೂಗುಗಾರ ಹಳಬನ ಗಂಟಲನ್ನು ಹುಬೇಹೂಬು ಕಲಿಯಬೇಕು. ಮಾಮೂಲಿನವರಿಗೆ ಹತ್ತು ವರ್ಷ ಹಿಡಿಯುತ್ತದೆ. ನಾನು ಕಾಲೇಜಿನಲ್ಲಿ ಪ್ರಿನ್ಸಿಪಾಲರ ಧ್ವನಿಯಲ್ಲಿ ಮೂರು ಸಲ ರಜೆ ಘೋಷಿಸಿದವನು. ಪದವೀಧರ ಬೇರೆ: ಪದ ಇತ್ತು, ವಿಧ ಇರಲಿಲ್ಲ, ದರವಂತೂ ಮೊದಲೇ ಇಲ್ಲ. ಹಾಲಪ್ಪಜ್ಜನ ಗಂಟಲು ಕಟ್ಟಿಕೊಳ್ಳಲು ಶುರುವಾದಾಗ ಊರ ಹಿರಿಯರು ನನ್ನನ್ನು ಹಿಡಿದು ತಂದರು. ನಾನು ಅಜ್ಜನ ಮುಂದೆಯೇ ಅಜ್ಜನ ಹಾಗೆ ಕೆಮ್ಮಿ ತೋರಿಸಿದೆ. ಕಟ್ಟೆಯ ಮುಂದೆ ಹೋಗುತ್ತಿದ್ದ ಒಬ್ಬಾಕೆ ನಿಂತು, “ಕಷಾಯ ಕುಡೀರಿ ಅಜ್ಜಾ,” ಎಂದು ನನಗೆ ಹೇಳಿ ಹೋದಳು. ಕೆಲಸ ಸಿಕ್ಕಿತು.

ಧ್ವನಿ ಸುಲಭ, ದಾರಿ ಕಷ್ಟ ಎಂದು ಗೊತ್ತಾದದ್ದು ಹಗ್ಗದ ಕೇರಿಯ ಬಸಲಿಂಗಕ್ಕ ಬಂದ ದಿನ. ಹಗ್ಗ ಹೊಸೆದು ಹೊಸೆದು ಅಂಗೈ ಮರದಂತಾಗಿದ್ದ ಗಟ್ಟಿ ಹೆಂಗಸು. ಅವಳ ಸೊಸೆ ಶಾಂಭವಿಗೆ ಎರಡನೆಯ ಬಸಿರಿನ ಸೀಮಂತ. ಹರಸಲು ಊರಿನ ಮೊದಲನೇ ಸೊಸೆ ಬೇಕು ಎಂದಳು. ಅಂದರೆ ಈ ಊರಿಗೆ ಸೊಸೆಯಾಗಿ ಬಂದವರಲ್ಲಿ ಎಲ್ಲರಿಗಿಂತ ಹಳಬಳಾದ, ತೊಂಬತ್ತು ದಾಟಿದ ಪುಟ್ಟಮ್ಮಜ್ಜಿ. ಅಜ್ಜ ಕೆಮ್ಮುತ್ತಾ ನನ್ನ ಕಡೆ ಕೈ ತೋರಿಸಿದ. ನಾನು ಕಟ್ಟೆ ಹತ್ತಿ ಅಜ್ಜನ ಗಂಟಲಲ್ಲಿ ಕೂಗಿದೆ: “ಎಲ್ಲ ಕೇರಿ, ಎಲ್ಲ ಮನೆ, ಮೊದಲನೇ ಸೊಸೆ!”

ಬಂದವರು ಅರವತ್ಮೂರು ಜನ. ಪ್ರತಿ ಮನೆಯಿಂದ ಅವರವರ ಮೊದಲನೇ ಸೊಸೆ. ಹಿಟ್ಟಿನ ಕೈ, ಸೀಗೆಪುಡಿ ತಲೆ, ಅರ್ಧ ಹೆಣೆದ ಜಡೆ. ಒಬ್ಬಳು ಒನಕೆ ಹಿಡಿದೇ ಬಂದಿದ್ದಳು, ನಾನು ಕಟ್ಟೆಯಿಂದ ಹಿಂಬದಿಗೆ ಇಳಿದೆ. ಪುಟ್ಟಮ್ಮಜ್ಜಿಯೂ ಬಂದಿದ್ದಳು, ಕೊನೆಗೆ, ನಿಧಾನಕ್ಕೆ. “ಏನ್ ಬಸಲಿಂಗಿ, ಇಷ್ಟ್ ಜನಕ್ಕೂ ಸೀರೆ ಉಡಿಸ್ತೀಯೇನೇ?” ಎಂದು ಆಕೆ ಕೇಳಿದಾಗ ಬಸಲಿಂಗಕ್ಕ ನನ್ನನ್ನು ನೋಡಿದ ನೋಟ ಇನ್ನೂ ಬೆನ್ನ ಮೇಲಿದೆ.

ಎಲ್ಲರೂ ಹೋದ ಮೇಲೆ ಅಜ್ಜ ಸುಣ್ಣದ ಕಡ್ಡಿ ತೆಗೆದು ಕಟ್ಟೆಯ ಕಲ್ಲಿನ ಮೇಲೆ ಮನೆಗಳನ್ನು ಬರೆದ. ಒಂದೊಂದರಲ್ಲೂ ನಾಲ್ಕೈದು ಚುಕ್ಕೆ. “ಎಣಿಕೆ ಎಲ್ಲಿ ನಿಂತು ಮಾಡ್ದೆ?”

“ಎಲ್ಲಿ ಅಂದ್ರೆ? ಒಂದು ಅಂತ ಎಣಿಸ್ದೆ ಅಷ್ಟೇ.”

“ಮನೆ ಒಳಕ್ಕೆ ಇಳ್ದು ಎಣಿಸ್ದೆ. ಒಂದೊಂದ್ ಮನೆಗೂ ಹೋಗಿ ಒಂದೊಂದ್ ಸಲ ‘ಒಂದು’ ಅಂದೆ. ಮನೆಗೊಬ್ಳು ಬಂದ್ಲು. ಹಂಗಲ್ಲ.” ಎಲ್ಲ ಚುಕ್ಕೆಗಳನ್ನೂ ಸೇರಿಸಿ ಹೊರಗಿನಿಂದ ದೊಡ್ಡದೊಂದು ಸುತ್ತು ಎಳೆದ. “ಮೊದ್ಲು ಎಲ್ಲಾ ಸೊಸೇರ್ನ ಮನಸ್ನಾಗೆ ಒಂದು ಸುತ್ತಿನೊಳಗೆ ತಂದ್ ನಿಲ್ಲಿಸ್ಕೋ. ಆಮ್ಯಾಲೆ ಸುತ್ತಿನ ಹೊರಗೆ ನಿಂತು ಒಂದು ಅನ್ನು. ಒಬ್ಳೇ ಬರ್ತಾಳೆ. ಇನ್ನೊಂದು: ದಾರೀಲಿ ದಾಟಿ ಹೋದೋರು ಬರಲ್ಲ, ಕೊನೆಗೆ ಮುಟ್ಟಿದೋರು ಮಾತ್ರ ಬರ್ತಾರೆ. ಕೇರಿ ಅಂದ್ರೆ ಕೇರಿ ಎದ್ದು ಬರಲ್ಲ.”

“ಕೇರಿಯನ್ನೇ ಕೊನೆಗೆ ಇಟ್ರೆ?”

ಅಜ್ಜ ನನ್ನನ್ನೇ ನೋಡಿದ. “ನಿಂಗೆ ಓದಿಸಿದ್ದು ತಪ್ಪಾತು,” ಎಂದ.

ಒಂದು ತಿಂಗಳು ಕಳೆಯಿತು. ಸಂತೆಯ ದಿನ ಯಾರೋ ಮೂರು ವರ್ಷದ ಹುಡುಗಿಯೊಂದನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದರು. ಜನದ ನಡುವೆ ತಪ್ಪಿಸಿಕೊಂಡಿತ್ತು. ಹೆಸರು ಕೇಳಿದರೆ “ಗುಬ್ಬಿ” ಎಂದಿತು. ಕೇರಿ ಯಾವುದು ಎಂದರೆ ಮೂಗು ಒರೆಸಿಕೊಂಡಿತು. ಮನೆಯಿಂದ ಮಗುವಿಗೆ ಇಳಿಯಲು ನಮಗೆ ಬರುತ್ತದೆ. ಮಗುವಿನಿಂದ ಮನೆಗೆ ಹೋಗುವುದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲ ಮನೆಯ ಎಲ್ಲ ತಾಯಂದಿರನ್ನೂ ಕೂಗುವುದು ಪದ್ಧತಿ. ಅರವತ್ಮೂರು ಜನರ ನೆನಪು ನನಗಿನ್ನೂ ಹಸಿಯಾಗಿತ್ತು.

“ಅಜ್ಜಾ, ದಾರಿ ಕಟ್ಟೆಯಿಂದ್ಲೇ ಶುರುವಾಗಬೇಕು ಅಂತ ಯಾರು ಹೇಳಿದ್ದು? ಈ ಮಗುವಿಂದ್ಲೇ ಶುರುಮಾಡಿ ಮೇಲಕ್ಕೆ ಹೋದ್ರೆ?”

“ಮೇಲಕ್ಕಾ? ಕೂಗು ಇಳೀತೈತೆ, ಹತ್ತಾದಿಲ್ಲ.”

“ಹತ್ತಿಸಿ ನೋಡಿದೀರಾ?”

ನನ್ನ ಲೆಕ್ಕ ಹೀಗಿತ್ತು: ಮಗುವಿನ ಮೇಲಿನವರಲ್ಲಿ ಮೊದಲನೆಯವರು ಎಂದರೆ ಎಲ್ಲರಿಗಿಂತ ಮೇಲಿನವರು, ಕೇರಿಯ ಯಜಮಾನರು ಯಾರಾದರೂ ಬರುತ್ತಾರೆ. ಅವರಿಗೆ ಮಗು ಯಾರದೆಂದು ಗೊತ್ತಿರುತ್ತದೆ. “ಈ ಮಗು! ಇದರಿಂದ ಮೇಲಕ್ಕೆ! ಮೇಲಿನವರಲ್ಲಿ ಮೊದಲನೆಯವರು!” ಎಂದು ಕೂಗಿದೆ. ಸಂತೆಯ ಗದ್ದಲದ ನಡುವಿನಿಂದ ಒಂದೇ ಒಂದು ಹೆಂಗಸು, ತುಂಬಿದ ಬಸುರಿ, ಕೈಯಲ್ಲಿ ನಾರಿನ ಎಳೆ ಹಿಡಿದು ಅಳುತ್ತಾ ಬಂದಳು. ಶಾಂಭವಿ. ಯಜಮಾನರಲ್ಲ, ತಾಯಿ. ಗುಬ್ಬಿ ಅವಳ ಕೊರಳಿಗೆ ಜೋತುಬಿದ್ದಿತು.

ಅಜ್ಜ ಸುಣ್ಣದ ಕಡ್ಡಿ ತೆಗೆದು ಕಲ್ಲಿನ ಮೇಲೆ ಒಂದು ಚುಕ್ಕೆ ಇಟ್ಟು, ಅದರಿಂದ ಮೇಲಕ್ಕೆ ಒಂದು ಗೆರೆ ಎಳೆದ. “ಹತ್ತುವಾಗ ಎಣಿಕೆ ತಿರುಗ್ತೈತೆ,” ಎಂದ ನಿಧಾನವಾಗಿ. “ಇಲ್ಲಿ ಹತ್ತಿರ ಇರೋರೇ ಒಂದು. ಮೂವತ್ತೊಂದು ವರ್ಸ ಬರೀ ಇಳಿದೆ ನೋಡು.”

ಅದಾದ ಮೇಲೆ ನನಗೆ ಹುಚ್ಚು ಹಿಡಿಯಿತು. ಬಸಲಿಂಗಕ್ಕನನ್ನು ಕಾಡಿ ಬೇಡಿ, ಗುಬ್ಬಿಯನ್ನು ಅವಳ ಮನೆಯ ಜಗಲಿಯಲ್ಲಿ ಕೂರಿಸಿ, ಕಟ್ಟೆಯಿಂದ ಗುಬ್ಬಿಯ ಪರವಾಗಿ ಕೂಗಿ ನೋಡಿದೆ. ಮೇಲಿನವರಲ್ಲಿ ಎರಡನೆಯವರು ಎಂದಾಗ ಸ್ವತಃ ಬಸಲಿಂಗಕ್ಕ ರೊಟ್ಟಿ ತಟ್ಟುವುದನ್ನು ಬಿಟ್ಟು ಹೊರಗೆ ಬಂದಳಂತೆ. ಮೂರನೆಯವರು ಎಂದೆ. ಮನೆಯ ಹೆಂಚುಗಳೆಲ್ಲ ಗಡಗಡ ಅಂದವಂತೆ, ಒಂದು ಗೋಡೆಯಿಂದ ಮಣ್ಣು ಉದುರಿತಂತೆ. ಬಸಲಿಂಗಕ್ಕ ಕಟ್ಟೆಯ ತನಕ ಬಂದು ಹೇಳಿದಳು: “ಮನೇನೇ ಎಬ್ಬಿಸ್ಕೊಂಡು ಬರ್ತೀಯೇನೋ ಮುಂಡೇದೇ? ಇನ್ನೊಂದ್ಸಲ ಮೇಲೆ ಅಂದ್ರೆ ನಿನ್ನ ಕೆಳಕ್ಕಿಳಿಸ್ತೀನಿ ನೋಡು!”

ನಾನು ನಿಲ್ಲಿಸಿದೆ. ತಲೆ ಮಾತ್ರ ನಿಲ್ಲಿಸಲಿಲ್ಲ. ಮೂರು ಮನೆ. ನಾಲ್ಕು ಕೇರಿ. ಐದು ಊರು. ಊರಿನ ಮೇಲೆ? ನಾನು ತಲೆಯೆತ್ತಿ ನೋಡಿದಾಗ ಕಟ್ಟೆಯ ಕಂಬಕ್ಕೆ ಬೆನ್ನು ಉಜ್ಜಿಕೊಳ್ಳುತ್ತಾ ಹಾಲಪ್ಪಜ್ಜ ನಿಂತಿದ್ದ.

ಅಷ್ಟರಲ್ಲಿ ಶಾಂಭವಿ ಹೆತ್ತಳು. ಹೆಸರಿಡುವ ಹಿಂದಿನ ದಿನ ಹಿರಿಯರು ಬಂದು ಮಾತು ಮುಗಿಸಿದರು. ಅಜ್ಜನ ಧ್ವನಿ ಆಚೆ ಕೇರಿಗಳಿಗೆ ಮುಟ್ಟುತ್ತಿರಲಿಲ್ಲ. ಶಾಂಭವಿಯ ಕೂಸಿನ ಹೆಸರಿಡುವ ಊಟಕ್ಕೆ ಜನರನ್ನು ಕೂಗುವುದೇ ಅವನ ಕೊನೆಯ ಕೂಗು. ಅದಾದ ಕೂಡಲೇ ರುಮಾಲು ನನಗೆ. ಕಟ್ಟೆಯ ಕೋಣೆಯೂ ನನಗೆ.

“ಮತ್ತೆ ಅಜ್ಜ?” ಎಂದು ಕೇಳಿದೆ.

ಉತ್ತರ ಎಲ್ಲರಿಗೂ ಗೊತ್ತಿತ್ತು. ಅಜ್ಜನಿಗಿಂತ ಹಿಂದಿನ ಕೂಗುಗಾರ ಹೆಗಲಿಗೆ ಗಂಟು ಹಾಕಿಕೊಂಡು ಊರಬಾಗಿಲಿನಿಂದ ಹೊರಗೆ ನಡೆದಿದ್ದ. ಊರಿನಲ್ಲಿ ಹೊಸಿಲಿಲ್ಲದ ದೊಡ್ಡ ಬಾಗಿಲು ಅದೊಂದೇ. ಹೋದವನನ್ನು ಮರಳಿ ಕೂಗಲು ಅವನು ಯಾವ ದಾರಿಯಲ್ಲೂ ಇರಲಿಲ್ಲ. ಹಾಲಪ್ಪಜ್ಜ ಆ ರಾತ್ರಿಯ ಅನ್ನ ತಿನ್ನದೆ ಎರಡು ಪಂಚೆ, ಒಂದು ಚೊಂಬು, ಸುಣ್ಣದ ಕಡ್ಡಿಯನ್ನು ಗಂಟು ಕಟ್ಟಿ ಮೂಲೆಯಲ್ಲಿಟ್ಟ. “ಕಡ್ಡಿ ನಿಂಗೆ ಕೊಡ್ಬೇಕಿತ್ತು,” ಎಂದು ಮತ್ತೆ ಗಂಟು ಬಿಚ್ಚಿದ.

ಮರುದಿನ ಬೆಳಿಗ್ಗೆ ನಾನು ಬಸಲಿಂಗಕ್ಕನ ಮನೆಯ ಹೊಸಿಲಿನ ಈಚೆ ನಿಂತು ನನ್ನ ಯೋಚನೆ ಹೇಳಿದೆ. ಅವಳು ಹೂರಣ ರುಬ್ಬುವುದನ್ನು ನಿಲ್ಲಿಸಿದಳು.

“ಅಜ್ಜನ್ನ ಅಜ್ಜನ ಧ್ವನೀಲೇ ಕೂಗ್ತೀಯಾ? ಅಲ್ಲಪ್ಪಾ ಚಿದಾನಂದ, ಸಿಟ್ಟು ಮಾಡ್ಕೊಂಡು ಬೈದ್ರೆ?”

“ಬೈಯೋಕೆ ಬಾಯಿ ತೆಗೆದಾಗ ಹೋಳಿಗೆ ತುರುಕಿಬಿಡಿ ಅಕ್ಕಾ.”

“ಮತ್ತೆ ನನ್ನ ಮನೆ ಹೆಂಚು?”

“ದಾಟಿ ಹೋದೋರು ಬರಲ್ಲ. ಮುಟ್ಟಿದೋರು ಮಾತ್ರ.”

“ತಪ್ಪಿದ್ರೆ?”

ತಪ್ಪಿದರೆ ಏನಾಗುತ್ತದೆ ಎಂದು ನಾನು ರಾತ್ರಿಯೆಲ್ಲ ಯೋಚಿಸಿದ್ದೆ. ಕೊನೆಯವರು ಎಂಬ ಮಾತು ಸರಿಯಾದ ಜಾಗಕ್ಕೆ ಬೀಳದಿದ್ದರೆ ನೂರಿಪ್ಪತ್ತು ನೆಂಟರ ತಾಯಂದಿರು, ಅಜ್ಜಿಯರು, ಅವರವರ ಮನೆಗಳ ಹೆಂಚು ತೊಲೆ ಸಮೇತ ಹಗ್ಗದ ಕೇರಿಗೆ ಹೊರಡುತ್ತಿದ್ದವು. ಇನ್ನೊಂದು ಭಯವೂ ಇತ್ತು. ಅಜ್ಜನ ತಲೆಯ ಮೇಲೆ ರುಮಾಲು ಇರುವ ತನಕ ಮಾತ್ರ ಎಲ್ಲರಿಗೂ ಮೇಲಿನವನು ಅವನು. ಅದು ಬಿಚ್ಚಿ ನನ್ನ ತಲೆಗೆ ಬಂದರೆ, ಕೂಗು ಹತ್ತಿ ಹತ್ತಿ ನನ್ನನ್ನೇ ಬಂದು ಮುಟ್ಟುತ್ತಿತ್ತು. ನಾನು ಹೋಗಿ ಹೋಳಿಗೆ ತಿನ್ನುತ್ತಿದ್ದೆ, ಅಜ್ಜ ಊರಬಾಗಿಲು ದಾಟುತ್ತಿದ್ದ.

“ತಪ್ಪಲ್ಲ,” ಎಂದೆ, ಪ್ರಿನ್ಸಿಪಾಲರ ಧ್ವನಿಯಲ್ಲಿ. ನನ್ನ ಸ್ವಂತ ಧ್ವನಿಯಲ್ಲಿ ಹೇಳುವಷ್ಟು ಧೈರ್ಯ ಇರಲಿಲ್ಲ. ಬಸಲಿಂಗಕ್ಕ ಒಂದು ಎಲೆ ಹೆಚ್ಚಿಗೆ ಹಾಸುತ್ತೇನೆ ಎಂದಳು.

ಮಧ್ಯಾಹ್ನ ಅಜ್ಜ ಕೊನೆಯ ಸಲ ಕಟ್ಟೆ ಹತ್ತಿದ. “ಹಗ್ಗದ ಕೇರಿ, ಎಲ್ಲ ಮನೆ, ಎಲ್ಲರೂ!” ಎಂದ. “ಕಂಚುಗಾರ ಕೇರಿ, ಎಲ್ಲ ಮನೆ, ಎಲ್ಲರೂ!” ಎಂದ. ಧ್ವನಿ ಹರಿದ ಬಟ್ಟೆಯಂತಿತ್ತು, ಹತ್ತಿರದ ಎರಡು ಕೇರಿಗೆ ಹೇಗೋ ಸಾಕಾಯಿತು. ಬಾಗಿಲುಗಳು ತೆರೆದವು, ಜರಿಯಂಚಿನ ಸೀರೆಗಳು, ಮಡಿಕೆ ಬಿಚ್ಚಿದ ಪಂಚೆಗಳು ಹಗ್ಗದ ಕೇರಿಯ ನಾಲ್ಕನೇ ಮನೆ, ಅಂದರೆ ಬಸಲಿಂಗಕ್ಕನ ಮನೆಯ ಕಡೆ ನಡೆದವು. ನಮ್ಮ ಗಾಣದ ಕೇರಿ ಆ ಕೂಗಿನಲ್ಲಿರಲಿಲ್ಲ. ಎಲ್ಲರೂ ಎಲೆಯ ಮುಂದೆ ಕೂತರೆಂದು ಅಲ್ಲಿಂದ ತಾಳದ ಸದ್ದು ಬರುವ ತನಕ ಅಜ್ಜ ಕಾದ. ಸದ್ದು ಬಂತು.

“ಆತಲ್ಲ,” ಎಂದು ಅವನು ಕೆಳಗಿಳಿದು ಗಂಟನ್ನು ಹೆಗಲಿಗೇರಿಸಿದ. “ಬಾ ಇಲ್ಲಿ. ತಲೆ ಕೊಡು.”

“ಒಂದ್ನಿಮಿಷ ಅಜ್ಜಾ, ಗಂಟಲಿಗೆ ನೀರು ತರ್ತೀನಿ,” ಎಂದು ನಾನು ಕಟ್ಟೆಯ ಹಿಂದಿನ ನೀರಿನ ತೊಟ್ಟಿಯ ಬಳಿಗೆ ಓಡಿದೆ. ಬಗ್ಗಿ ನೋಡಿದರೆ ಅಜ್ಜ ಆಗಲೇ ರುಮಾಲಿನ ಗಂಟಿಗೆ ಕೈ ಹಾಕಿದ್ದ. ಮೂವತ್ತೊಂದು ವರ್ಷದ ಗಂಟು, ಸುಲಭಕ್ಕೆ ಸಡಿಲವಾಗಲಿಲ್ಲ. ನಾನು ತೊಟ್ಟಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅವನಿಗೆ ಹರೆಯದಲ್ಲಿ ಇದ್ದಿರಬಹುದಾದ ಗಂಟಲನ್ನು ನನ್ನ ಗಂಟಲಿಗೆ ತಂದುಕೊಂಡೆ.

“ಹಗ್ಗದ ಕೇರಿ! ನಾಲ್ಕನೇ ಮನೆ! ಪಡಸಾಲೆ! ಎಲೆ ಮುಂದೆ ಕೂತ ಎಲ್ಲರೂ! ಅವರಿಂದ ಮೇಲಕ್ಕೆ! ಮೇಲಿನವರಲ್ಲಿ ಕೊನೆಯವರು!”

ನೂರಿಪ್ಪತ್ತು ಜನರಿಂದ ನೂರಿಪ್ಪತ್ತು ದಾರಿ ಹತ್ತಿದವು. ಬೇರೆ ಬೇರೆ ತಾಯಂದಿರು, ಬೇರೆ ಬೇರೆ ಮನೆ, ಎರಡು ಕೇರಿ, ಒಂದು ಊರು, ಒಂದು ಕಟ್ಟೆ. ಯಾವ ಹೆಂಚೂ ಅಲುಗಲಿಲ್ಲ. ಎಷ್ಟು ದಾರಿ ಹೋಗಿ ಮುಟ್ಟಿದರೂ ಮುಟ್ಟಿಸಿಕೊಂಡವನು ಒಬ್ಬನೇ, ಎದ್ದದ್ದೂ ಒಬ್ಬನ ಕಾಲೇ.

ಅಜ್ಜನ ಬಲಗಾಲು ಎದ್ದಿತು. ಅವನು ಅದನ್ನು ನೋಡಿದ. ಎಡಗಾಲು ಎದ್ದಿತು. “ಯಾವನಲೇ ಅದು ನನ್ನ ಗಂಟ್ಲಾಗೆ ಕೂಗಿದ್ದು!” ಎಂದು ಕೂಗಿದ. ಆಮೇಲೆ ಅನುಮಾನ ಬಂದು ತನ್ನ ಕೊರಳನ್ನೇ ಮುಟ್ಟಿ ನೋಡಿಕೊಂಡ. ಕಾಲು ನಡೆಯುತ್ತಿತ್ತು. ಕಂಬ ಹಿಡಿದುಕೊಂಡ, ಕೈ ಜಾರಿತು. ಒಂದು ಕೈಯಲ್ಲಿ ಅರ್ಧ ಸಡಿಲವಾದ ರುಮಾಲು, ಹೆಗಲಲ್ಲಿ ಗಂಟು, ಬಾಯಲ್ಲಿ ಬೈಗುಳ, ಹೀಗೆ ಹಾಲಪ್ಪಜ್ಜ ಹಗ್ಗದ ಕೇರಿಯಲ್ಲಿ ನಡೆದ. ನಾನು ಹಿಂದೆ ಹಿಂದೆ. ನಾಲ್ಕನೇ ಮನೆಯ ಹೊಸಿಲ ಮುಂದೆ ಬೈಗುಳ ನಿಂತಿತು. ಅವನು ಕಣ್ಣು ಮುಚ್ಚಿಕೊಂಡ. ಕಾಲು ದಾಟಿತು.

ಒಳಗೆ ಕಂಬದ ಪಕ್ಕ ಒಂದು ಎಲೆ ಖಾಲಿ ಇತ್ತು. ಅಜ್ಜ ಕೂತ. ಬಸಲಿಂಗಕ್ಕ ಕಾವಲಿಯಿಂದ ಈಗಷ್ಟೇ ಎತ್ತಿದ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ಅಜ್ಜ ತಿನ್ನಲಿಲ್ಲ. ಬಗ್ಗಿ, ತುಪ್ಪ ಕರಗಿ ಅಂಚಿನ ತನಕ ಹರಿಯುವುದನ್ನು ನೋಡುತ್ತಾ ಕೂತ. ಆಮೇಲೆ ಮೂರು ತಿಂದ.

ಊಟ ಮುಗಿಯಿತು. ಕೂತವರೆಲ್ಲ ಎದ್ದು, ಅವರವರ ಕಾಲು ಅವರವರ ಮನೆಗೆ ತಿರುಗಿತು. ಅಜ್ಜನೂ ಗಂಟು ಎತ್ತಿಕೊಂಡು ಎದ್ದ. ಕಾಲು ಬರಲಿಲ್ಲ. ಇನ್ನೊಮ್ಮೆ ಎಳೆದ. ತಿರುಗಿ ಹೋಗಲು ಅದಕ್ಕೆ ಯಾವ ಮನೆಯೂ ಗೊತ್ತಿರಲಿಲ್ಲ, ಇದೊಂದನ್ನು ಬಿಟ್ಟು.

“ಏಳ್ತಾ ಇಲ್ವಾ?” ಎಂದಳು ಬಸಲಿಂಗಕ್ಕ. “ಹಂಗಾದ್ರೆ ಕೂತ್ಕೊಳ್ಳಿ. ಆ ಕಂಬದ ಪಕ್ಕ ಗಾಳಿ ಚೆನ್ನಾಗಿ ಬರ್ತೈತೆ. ಹಗ್ಗದ ಕೇರಿ, ನಾಲ್ಕನೇ ಮನೆ, ಪಡಸಾಲೆ, ಕಂಬದ ಪಕ್ಕದ ಮುದುಕ. ಇನ್ಮ್ಯಾಲೆ ನಿಮಗೂ ಒಂದು ದಾರಿ ಆತು.”

ಅಜ್ಜನಿಗೆ ಆಗ ಎಲ್ಲ ಹೊಳೆಯಿತು. ತಲೆಯೆತ್ತಿ ಬಾಗಿಲ ಕಡೆ ನೋಡಿದ. ನಾನು ಹೊಸಿಲಿನ ಈಚೆ ನಿಂತಿದ್ದೆ. ಕೂಗುಗಾರನ ಗಂಟಲಲ್ಲಿ ಕೂಗುಗಾರನನ್ನೇ ಕುಣಿಸಿದ್ದೆ. ಅವನ ಮುಖ ರುಮಾಲಿನಷ್ಟೇ ಕೆಂಪಾಗಿತ್ತು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ, ಗಾಬರಿಗೆ ಅವನದೇ ಧ್ವನಿ ಬಂದುಬಿಟ್ಟಿತು. ಪಡಸಾಲೆಯಲ್ಲಿ ಶಾಂಭವಿ ಕಿಸಕ್ಕನೆ ನಕ್ಕಳು. ಗುಬ್ಬಿ ನಕ್ಕಿತು.

“ಒಳಗ್ ಬಾರಲೇ,” ಎಂದ ಅಜ್ಜ.

ಕಾಲು ಎತ್ತಲು ನೋಡಿದೆ. ನೆಲಕ್ಕೆ ಅಂಟಿಕೊಂಡಿತ್ತು. ಅಜ್ಜನನ್ನು ಕೂಗುವ ಗಡಿಬಿಡಿಯಲ್ಲಿ ನನ್ನನ್ನು ಯಾರು ಕೂಗುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಕಾವಲಿಯ ಮೇಲಿನ ಕೊನೆಯ ಹೋಳಿಗೆಯ ಪರಿಮಳ ಹೊಸಿಲು ದಾಟಿ ಬಂತು, ಅದಕ್ಕೆ ಯಾವ ಕೂಗೂ ಬೇಕಿರಲಿಲ್ಲ. ಅಜ್ಜ ನನ್ನ ಕಾಲು ನೋಡಿದ, ಮುಖ ನೋಡಿದ, ಮತ್ತೆ ಕಾಲು ನೋಡಿದ. ಸಡಿಲವಾಗಿದ್ದ ರುಮಾಲನ್ನು ಒಂದೇ ಎಳೆತಕ್ಕೆ ಬಿಚ್ಚಿ, ಮುದ್ದೆಮಾಡಿ, ಹೊಸಿಲಾಚೆ ನನ್ನ ತಲೆಗೆ ಸರಿಯಾಗಿ ಎಸೆದ.

“ಕಟ್ಕೋ ಮಗನೇ! ಈಗ ಒಳಗಿರೋನು ನಾನು, ಹೊರಗಿರೋನು ನೀನು. ಹಸಿವಾಗ್ತೈತೇನೋ? ತಡಿ, ನನ್ನ ಗಂಟ್ಲು ಸರಿಹೋಗ್ಲಿ, ಕೂಗ್ತೀನಿ,” ಎಂದ. ಎಂದು ಮುಗಿಸಲಾಗದೆ ಕಂಬ ಹಿಡಿದುಕೊಂಡು ನಗತೊಡಗಿದ. ಶಾಂಭವಿ ನಗುತ್ತಿದ್ದಳು, ಬಸಲಿಂಗಕ್ಕ ಸೆರಗು ಬಾಯಿಗೊತ್ತಿ ನಗುತ್ತಿದ್ದಳು, ರುಮಾಲಿನೊಳಗಿಂದ ನಾನೂ ನಗುತ್ತಿದ್ದೆ. ಆದರೆ ಹತ್ತಿರದ ಎರಡೇ ಕೇರಿಗೆ ಸಾಕಾಗುತ್ತಿದ್ದ ಆ ಹರಕು ಗಂಟಲಿನ ನಗು ಅವತ್ತು ಗಾಣದ ಕೇರಿಯ ಕೊನೆಯ ಮನೆಯ ಅಟ್ಟದ ತನಕ ಕೇಳಿಸಿತಂತೆ.